ಅಣ್ಣ ಅಡಿಕೆ ಹೆಕ್ಕುವ ಕೋಲು ಮಾಡಿದ್ದಾನೆ, ಮುಂದೇನು ಮಾಡಬೇಕು?

ಕೇಳಿದ್ದು, ಪುತ್ತೂರು ಕಡೆಯಿಂದ:
ನಮ್ಮದು ಎರಡು ಎಕರೆ ಅಡಿಕೆ ತೋಟ. ಬಿದ್ದ ಹಣ್ಣಡಿಕೆ ಹೆಕ್ಕುವುದು ಅಮ್ಮನ ಕೆಲಸ. ಬಗ್ಗಿ ಬಗ್ಗಿ ಸೊಂಟ ನೋವು ಜಾಸ್ತಿಯಾಗಿದೆ. ಅದನ್ನು ನೋಡಲಾಗದೆ ಅಣ್ಣ ಒಂದು ಕೋಲು ಮಾಡಿದ್ದಾನೆ. ತುದಿಯಲ್ಲಿ ತಂತಿಯ ಬುಟ್ಟಿ. ಉರುಳಿಸಿಕೊಂಡು ಹೋದರೆ ಅಡಿಕೆ ತಂತಿಯ ಸಂದಿಯಿಂದ ಒಳಗೆ ಹೋಗುತ್ತದೆ. ತುಂಬಿದ ಮೇಲೆ ಹಿಡಿಯ ಹತ್ತಿರ ಒಂದು ಲಿವರ್ ಎಳೆದರೆ ಎಲ್ಲ ಚೀಲಕ್ಕೆ ಬೀಳುತ್ತದೆ. ನೆಂಟರು ವಿಡಿಯೋ ಹಾಕಿ, ಪೇಟೆಂಟ್ ಮಾಡಿಸಿ, ಬೇರೆಯವರು ನಕಲು ಮಾಡದ ಹಾಗೆ ಕಾನೂನಿನ ಹಕ್ಕು ಸಿಗುತ್ತದೆ ಅನ್ನುತ್ತಿದ್ದಾರೆ. ಈ ದಾರಿಯಲ್ಲಿ ಹೋದವರು ಇದ್ದರೆ ಹೇಳಿ.

ದಾವಣಗೆರೆಯಿಂದ:
ತಂಗಿ, ವಿಡಿಯೋ ಈಗಲೇ ಹಾಕಬೇಡಿ. ನಾನು ಮೆಕ್ಕೆಜೋಳ ಬಿತ್ತುವ ಕೈಯಂತ್ರ ಮಾಡಿದ್ದೆ. ಖುಷಿಯಲ್ಲಿ ಒಂದು ಮೇಳಕ್ಕೆ ಒಯ್ದು, ಎರಡು ದಿನ ಬಂದವರಿಗೆಲ್ಲ ಬಿಚ್ಚಿ ತೋರಿಸಿದೆ. ಆರು ತಿಂಗಳಿಗೆ ಅದೇ ಯಂತ್ರ ಬೇರೆ ಬಣ್ಣದಲ್ಲಿ ಅಂಗಡಿಗೆ ಬಂತು. ಪೇಟೆಂಟ್ ಅರ್ಜಿ ಬರೆದುಕೊಡುವ ಏಜೆಂಟ್ ಹತ್ತಿರ ಓಡಿದೆ. "ಜನರ ಮುಂದೆ ಇಟ್ಟಾಗಿದೆ, ಇನ್ನು ಹೊಸದು ಅಂತ ಹೇಗೆ ಹೇಳೋದು?" ಅಂದರು. ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಪ್ರದರ್ಶನವಾದರೆ, ತೋರಿಸಿದ ಮೇಲೂ ಅರ್ಜಿ ಹಾಕಲು 12 ತಿಂಗಳ ಅವಕಾಶ ಇದೆ. ನಾನು ಹೋದದ್ದು ಅಂಥದ್ದಲ್ಲ. ಮೂರು ವರ್ಷದ ಕೆಲಸ ಎರಡೇ ದಿನದಲ್ಲಿ ಕೈತಪ್ಪಿತು. ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು ತಾತ್ಕಾಲಿಕ ಅರ್ಜಿ ಹಾಕಿಸಿ, ಅಂದರೆ ಪೂರ್ಣ ವಿವರ ಕೊಡುವ ಮೊದಲೇ ದಿನಾಂಕ ಕಾಯ್ದಿರಿಸುವ ಅರ್ಜಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 1,600 ರೂಪಾಯಿ. ನಮ್ಮ ರಾಜ್ಯದ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಅದನ್ನು ಹಾಕಿದ ದಿನದಿಂದ 12 ತಿಂಗಳೊಳಗೆ ಪೂರ್ಣ ಅರ್ಜಿ ಕೊಡಬೇಕು. ಪರೀಕ್ಷೆ ಮಾಡಿ ಅಂತ ಬೇರೆ ಅರ್ಜಿ, ಅದಕ್ಕೆ ಬೇರೆ ಶುಲ್ಕ. ಏಜೆಂಟ್ ಖರ್ಚು ಇವೆಲ್ಲಕ್ಕಿಂತ ದೊಡ್ಡದು, ಮೊದಲೇ ಕೇಳಿಕೊಳ್ಳಿ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಬೆಂಗಳೂರಿನಿಂದ, ಮೆಕ್ಯಾನಿಕಲ್ ಎಂಜಿನಿಯರ್:
ಒಂದು ಮಾತು ಬೇಜಾರು ಮಾಡಿಕೊಳ್ಳದೆ ಕೇಳಿ. ಉರುಳುವ ತಂತಿ ಬುಟ್ಟಿ ಹೊಸದಲ್ಲ. ಹೊರದೇಶಗಳಲ್ಲಿ ಅಕ್ರೂಟು ಹೆಕ್ಕಲು ಇಂಥದ್ದು ಬಹಳ ದಿನದಿಂದ ಇದೆ. ಹಾಗಂತ ನಿಮ್ಮ ಅಣ್ಣನ ಕೆಲಸ ವ್ಯರ್ಥ ಅಲ್ಲ. ಬಗ್ಗದೆ ಖಾಲಿ ಮಾಡುವ ಲಿವರ್ ಇದೆಯಲ್ಲ, ಹೊಸತನ ಇದ್ದರೆ ಅಲ್ಲೇ. ಹಳೆಯ ಪೇಟೆಂಟ್‌ಗಳನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಹುಡುಕಬಹುದು. ಏಜೆಂಟ್‌ಗೆ ದುಡ್ಡು ಕೊಡುವ ಮೊದಲು ಎರಡು ರಾತ್ರಿ ಕೂತು ಹುಡುಕಿ.

ಶಿರಸಿಯಿಂದ, ವೆಲ್ಡಿಂಗ್ ಅಂಗಡಿಯವನು:
ಅರ್ಜಿ ಹಾಕಿದ ಮೇಲೆ ಮೂರು ಮನೆಗೆ ಕೊಟ್ಟು ನೋಡಿ. ಮಾಡಿದವನ ಕೈಯಲ್ಲಿ ಯಂತ್ರ ಯಾವಾಗಲೂ ಚೆನ್ನಾಗಿಯೇ ಓಡುತ್ತದೆ. ಒದ್ದೆ ಸೋಗೆಯ ಮೇಲೆ, ಇಳಿಜಾರಿನಲ್ಲಿ, ತೋಟದ ನೀರು ಬಸಿಯುವ ಕಪ್ಪಿನ (ಕಾಲುವೆಯ) ಅಂಚಿನಲ್ಲಿ ಹೇಗೆ? ಮಳೆಗಾಲ ಕಳೆದರೆ ತಂತಿಗೆ ತುಕ್ಕು ಬರುತ್ತದಾ? ಸಿಗುವ ಸಾಮಾನಿನಲ್ಲೇ ಮಾಡಿ. ತುಂಡಾದರೆ ಪೇಟೆಯಲ್ಲಿ ಸಿಗದ ಸ್ಪ್ರಿಂಗ್ ಹಾಕಿದರೆ ಕೋಲು ಅಟ್ಟ ಸೇರುತ್ತದೆ. ಮುಖ್ಯವಾಗಿ ಅಮ್ಮನನ್ನೇ ಕೇಳಿ. ಮಗ ಮಾಡಿದ್ದು ಅಂತ ಸುಮ್ನೆ ಹೊಗಳುತ್ತಾರೆ. ಒಂದು ವಾರ ಕೈಯಲ್ಲಿ ಕೊಟ್ಟು, ಏನೂ ಹೇಳದೆ ದೂರದಿಂದ ನೋಡಿ.

ಧಾರವಾಡದಿಂದ:
ನಮ್ಮ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕಥೆ ನಿಮ್ಮ ಅಣ್ಣನಿಗೆ ಹೇಳಿ. ಬೆಳಗ್ಗೆ ಬೇಗ ಏಳಲು ಆಗುತ್ತಿರಲಿಲ್ಲ ಅಂತ ಅವರು ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಗಂಟೆ ಬಾರಿಸಿದಾಗ ಬಾಟಲಿಯ ನೀರು ಮುಖಕ್ಕೆ ಬೀಳುವ ಹಾಗೆ ಮಾಡಿಕೊಂಡಿದ್ದರು. ಆಮೇಲೆ ಹುಣಸೆ ಹಿಡಿದರು. ಹಣ್ಣಿನಿಂದ ಬೀಜ ಬಿಡಿಸುವುದು ಎಷ್ಟು ಬೇಸರದ ಕೆಲಸ, ಮಾಡಿದವರಿಗೇ ಗೊತ್ತು. ಅದಕ್ಕೊಂದು ಯಂತ್ರ ಮಾಡುವುದರಲ್ಲಿ ವರ್ಷಗಳೇ ಹೋದವು, ಸಾಲವೂ ಆಯಿತು. ಬಿಡಲಿಲ್ಲ. ಟ್ರ್ಯಾಕ್ಟರ್‌ಗೆ ಹೂಡುವ ಕೂರಿಗೆಯನ್ನೂ ಮಾಡಿದರು, ಅದು ರೈತರಿಗೆ ಹಿಡಿಸಿತು. 2022ರಲ್ಲಿ ಪದ್ಮಶ್ರೀ ಬಂತು.

ಇಂಥವರಿಗೆ ನೆರವಾಗಲೆಂದೇ ಗುಜರಾತಿನ ಗಾಂಧಿನಗರದಲ್ಲಿ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಇದೆ, 2000ದಲ್ಲಿ ಶುರುವಾದದ್ದು. ದೊಡ್ಡ ಓದು ಓದದ ರೈತರು, ಕುಶಲಕರ್ಮಿಗಳು ಮಾಡಿದ್ದನ್ನು ಪರಿಶೀಲಿಸಿ ಪೇಟೆಂಟ್‌ಗೂ ಸಹಾಯ ಮಾಡುತ್ತಾರೆ. ಏಜೆಂಟ್ ಖರ್ಚು ಭಾರವಾದರೆ ಅಲ್ಲಿಗೆ ಬರೆಯಿರಿ. ಸಾಲ ಮಾತ್ರ ಈಗಲೇ ಮಾಡಬೇಡಿ. ಮೊದಲ ಹತ್ತು ಕೋಲು ಮಾರಿದ ದುಡ್ಡಿನಲ್ಲಿ ಮುಂದಿನ ಹತ್ತು ಮಾಡಲಿ.

ಕೇಳಿದವರು, ಎಂಟು ದಿನದ ನಂತರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ಹಾಕಲಿಲ್ಲ. ಲಿವರ್ ಬಗ್ಗೆ ಅಣ್ಣ ಚಿತ್ರ ಬರೆದು ಅರ್ಜಿ ತಯಾರು ಮಾಡುತ್ತಿದ್ದಾನೆ. ಶಿರಸಿಯವರು ಹೇಳಿದ ಹಾಗೆ ಅಮ್ಮನಿಗೆ ಒಂದು ವಾರ ಕೊಟ್ಟೆವು. ಮೂರನೇ ದಿನ ನೋಡಿದರೆ ಅಮ್ಮ ಕೋಲನ್ನು ಮರಕ್ಕೆ ಒರಗಿಸಿಟ್ಟು ಮತ್ತೆ ಬಗ್ಗಿ ಹೆಕ್ಕುತ್ತಿದ್ದರು. ಕೇಳಿದರೆ, ಹಿಡಿ ಉದ್ದ ಆಯ್ತು, ಹೆಗಲು ನೋಯುತ್ತದೆ ಅಂದರು. ಅಣ್ಣ ತನ್ನ ಎತ್ತರಕ್ಕೆ ಅಳತೆ ಇಟ್ಟಿದ್ದ. ಆರು ಇಂಚು ಕತ್ತರಿಸಿದ್ದಾನೆ. ನಿನ್ನೆ ಅಮ್ಮ ಎರಡು ಚೀಲ ಹೆಕ್ಕಿದರು.