ತಣ್ಣಗಿದ್ದಾಗ ಐಡ್ಲಿಂಗ್ ನಡುಕ, ಪಿ0171 ಮತ್ತು ಪಿ0174: ಪಾರ್ಟ್ ಬದಲಿಸಿ ಬದಲಿಸಿ ಸಾಕಾಯ್ತು

ಹಳೇಸಿಕ್ಸ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಾರು 2003ರದು. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, ಹಿಂದಿನ ಚಕ್ರಕ್ಕೆ ಡ್ರೈವ್, ಮ್ಯಾನ್ಯುಯಲ್ ಗೇರ್. ಓಡಿರುವುದು 1,68,000 ಕಿ.ಮೀ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಅರ್ಧ ಜನ "ಆ ಕಾರು ಯಾಕೆ ತಗೊಂಡ್ರಿ" ಅಂತ ಶುರು ಮಾಡುತ್ತೀರಿ.

ಕಾಯಿಲೆ ಹೀಗಿದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಚೆನ್ನಾಗಿರುತ್ತದೆ. ಆಮೇಲೆ ಆರ್‌ಪಿಎಂ ಮುಳ್ಳು 900ರಿಂದ 500ಕ್ಕೆ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ಗೇರ್ ಲಿವರ್ ಮೇಲೆ ಕೈ ಇಟ್ಟರೆ ಮೊಣಕೈವರೆಗೂ ನಡುಕ. ಐದಾರು ನಿಮಿಷ ಬಿಸಿಯಾದ ಮೇಲೆ ಏನೂ ಆಗಿರಲೇ ಇಲ್ಲ ಅನ್ನುವ ಹಾಗೆ ಸುಮ್ಮನಾಗುತ್ತದೆ. ಮತ್ತೊಂದು, ಎರಡನೇ ಗೇರಿನಲ್ಲಿ ಜೋರಾಗಿ ಕಾಲು ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ. ಇದು ಬಿಸಿ ಇದ್ದಾಗಲೂ ಇದೆ.

ಸ್ಕ್ಯಾನರ್ ಹಾಕಿದರೆ ಎರಡು ಕೋಡ್: ಪಿ0171, ಪಿ0174. ಅಂದರೆ ಎರಡೂ ಬ್ಯಾಂಕ್ ಲೀನ್, ಪೆಟ್ರೋಲಿಗಿಂತ ಗಾಳಿ ಜಾಸ್ತಿ. (ಆರೂ ಒಂದೇ ಸಾಲಿನಲ್ಲಿದ್ದರೂ ಈ ಇಂಜಿನ್ನಿನಲ್ಲಿ ಮುಂದಿನ ಮೂರು ಸಿಲಿಂಡರ್ ಒಂದು ಬ್ಯಾಂಕ್, ಹಿಂದಿನ ಮೂರು ಇನ್ನೊಂದು. ಇದು ಗೊತ್ತಾಗುವುದಕ್ಕೇ ನನಗೆ ಒಂದು ವಾರ ಬೇಕಾಯ್ತು.)

ಇಲ್ಲಿವರೆಗೆ ಮಾಡಿದ್ದು: ಆರೂ ಸ್ಪಾರ್ಕ್ ಪ್ಲಗ್ ಹೊಸದು. ಕಾಯಿಲ್‌ಗಳನ್ನು ಅದಲು ಬದಲು ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ. ಆಮೇಲೆ ಇಂಜಿನ್ ಒಳಗೆ ಹೋಗುವ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಮೇಲೆ ಅನುಮಾನ ಬಂತು. ಅದರ ಪ್ಲಗ್ ಎಳೆದು ಸ್ಟಾರ್ಟ್ ಮಾಡಿದರೆ ನಡುಕ ಕಡಿಮೆಯಾಯ್ತು! ಬಿಸಿ ಐಡ್ಲಿಂಗ್‌ನಲ್ಲಿ (ಕಾಲು ಒತ್ತದೆ ಇಂಜಿನ್ ನಿಂತಲ್ಲೇ ಓಡುವಾಗ) ಸೆಕೆಂಡಿಗೆ 2.6 ಗ್ರಾಂ ಗಾಳಿ ಅಂತ ತೋರಿಸುತ್ತಿತ್ತು, ಈ ಇಂಜಿನ್ನಿಗೆ ಅದು ಕಡಿಮೆ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಹೊಸ ಮ್ಯಾಫ್ ಹಾಕಿದೆ. ಅದೂ 2.6 ತೋರಿಸುತ್ತಿದೆ. ಮಾರನೇ ಬೆಳಿಗ್ಗೆ ಅದೇ ನಡುಕ.

ಈಗ ನಾಲ್ಕೂ ಆಕ್ಸಿಜನ್ ಸೆನ್ಸರ್ (ಎಕ್ಸಾಸ್ಟ್‌ನಲ್ಲಿ ಉಳಿದ ಆಮ್ಲಜನಕ ಅಳೆಯುವಂಥವು) ಬದಲಿಸೋಣ ಅಂತ ಯೋಚನೆ. ಮಾಡಲಾ? ಅಥವಾ ಪೆಟ್ರೋಲ್ ಪಂಪ್ ನೋಡಲಾ? ವಾರಕ್ಕೊಂದೇ ದಿನ ಕೈ ಕಪ್ಪು ಮಾಡಿಕೊಳ್ಳಲು ಬಿಡುವು ಸಿಗುತ್ತದೆ. ಅದನ್ನು ಸುಮ್ನೆ ಕಳೆಯಲು ಇಷ್ಟವಿಲ್ಲ.

ಟರ್ಬೋತಮ್ಮ ಬರೆದದ್ದು:

ಸೆನ್ಸರ್‌ಗಳನ್ನು ಹಾಕಿಬಿಡಿ ಗುರು. ಇಷ್ಟು ಓಡಿದ ಮೇಲೆ ಹೇಗೂ ಬದಲಿಸಲೇಬೇಕು. ಜೊತೆಗೆ ಥರ್ಮೋಸ್ಟ್ಯಾಟ್, ವಾಟರ್ ಪಂಪ್, ಕೂಲೆಂಟ್ ಟ್ಯಾಂಕ್ ಕೂಡ. ಈ ವಯಸ್ಸಿನ ಪ್ಲಾಸ್ಟಿಕ್ ಯಾವಾಗ ಬಿರಿಯುತ್ತದೋ ಹೇಳಕ್ಕಾಗಲ್ಲ.

ಗ್ರೀಸ್‌ಬೆರಳು ಬರೆದದ್ದು:

ಕೂಲೆಂಟ್ ವಿಷಯ ನಿಜ, ಆದರೆ ಈ ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ. ಹಳೇಸಿಕ್ಸ್ ಅವರೇ, ಸೆನ್ಸರ್ ಖರೀದಿ ಸದ್ಯಕ್ಕೆ ಬೇಡ. ನಾಲ್ಕರಲ್ಲಿ ಎರಡು ಕ್ಯಾಟಲಿಟಿಕ್ ಕನ್ವರ್ಟರ್ ಆಚೆ ಇರುತ್ತವೆ. ಪೆಟ್ರೋಲ್ ಎಷ್ಟು ಹಾಕಬೇಕು ಅನ್ನುವುದರಲ್ಲಿ ಅವುಗಳ ಪಾತ್ರ ತೀರಾ ಕಡಿಮೆ. ಮುಂದಿನ ಎರಡು ಒಂದೇ ದಿನ ಒಂದೇ ಸುಳ್ಳು ಹೇಳಲು ಶುರು ಮಾಡಿದವು ಅಂದರೆ ನಂಬುವುದು ಕಷ್ಟ ಅಲ್ವಾ? ಎರಡೂ ಬ್ಯಾಂಕ್ ಒಟ್ಟಿಗೆ ಲೀನ್ ಆಗಿದ್ದರೆ ಎರಡಕ್ಕೂ ಸೇರಿದ ಒಂದೇ ಕಡೆ ತೊಂದರೆ ಇರುತ್ತದೆ.

ಮ್ಯಾಫ್ ಪ್ಲಗ್ ಎಳೆಯುವ ಪರೀಕ್ಷೆ ಬಹಳ ಜನರನ್ನು ದಾರಿ ತಪ್ಪಿಸಿದೆ. ಪ್ಲಗ್ ಎಳೆದಾಗ ಇಂಜಿನ್ ಕಂಪ್ಯೂಟರ್ ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು ಅಂತ ನೋಡಿ ಅಂದಾಜಿನ ಮೇಲೆ ಪೆಟ್ರೋಲ್ ಹಾಕುತ್ತದೆ. ಆ ಅಂದಾಜು ಸ್ವಲ್ಪ ಧಾರಾಳವಾಗಿದ್ದರೆ ಸಾಕು, ಗಾಳಿ ಸೋರುತ್ತಿರುವ ಇಂಜಿನ್ನೂ ನೆಟ್ಟಗೆ ಓಡುತ್ತದೆ. 2.6 ಗ್ರಾಂ ಕೂಡ ಹಾಗೇ. ಮ್ಯಾಫ್ ತನ್ನ ಮೂಲಕ ಹೋದ ಗಾಳಿಯನ್ನು ಮಾತ್ರ ಎಣಿಸುತ್ತದೆ. ಒಂದಿಷ್ಟು ಗಾಳಿ ಹಿಂಬಾಗಿಲಿನಿಂದ ಒಳಗೆ ಹೋದರೆ ಮುಂಬಾಗಿಲಿನ ಲೆಕ್ಕ ಕಡಿಮೆಯಾಗಲೇಬೇಕು. ನಿಮ್ಮ ಹಳೇ ಮ್ಯಾಫ್ ನಿಜ ಹೇಳಿ ಕೆಲಸ ಕಳೆದುಕೊಂಡಿದೆ ಅಂತ ನನ್ನ ಅನುಮಾನ. ಎಸೆದಿಲ್ಲ ತಾನೇ?

ನೀವು ನೋಡಬೇಕಾದದ್ದು ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ತನ್ನ ಪೆಟ್ರೋಲ್ ಲೆಕ್ಕವನ್ನು ಎಷ್ಟು ಶೇಕಡಾ ತಿದ್ದಿಕೊಂಡಿದೆ ಅನ್ನುವುದು. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್, ಶಾರ್ಟ್ ಟರ್ಮ್ ಅಂತ ಇರುತ್ತದೆ. ಪ್ಲಸ್ ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಂತ ಜಾಸ್ತಿ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಅಂತ. ಎರಡನ್ನೂ ಕೂಡಿಸಿ ನೋಡಿ. ಐದು ಶೇಕಡಾ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಇನ್ನೊಮ್ಮೆ ಬರೆದುಕೊಳ್ಳಿ.

ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು 2500ರಲ್ಲಿ ಇಳಿದರೆ ಗಾಳಿ ಸೋರಿಕೆ. ಯಾಕೆಂದರೆ ತೂತು ಒಂದೇ ಅಳತೆಯದು. ಐಡ್ಲಿಂಗ್‌ನಲ್ಲಿ ಇಂಜಿನ್ ಕುಡಿಯುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ರೇಸ್ ಮಾಡಿದಾಗ ಒಟ್ಟು ಗಾಳಿ ಎಷ್ಟೋ ಪಟ್ಟು ಹೆಚ್ಚುತ್ತದೆ, ಕಳ್ಳನ ಪಾಲು ಅದರಲ್ಲಿ ಕರಗಿಹೋಗುತ್ತದೆ. ಇದಕ್ಕೆ ಉಲ್ಟಾ, ರೇಸ್ ಮಾಡಿದಷ್ಟೂ ಟ್ರಿಮ್ ಏರಿದರೆ ಆಗ ಪಂಪ್, ಫಿಲ್ಟರ್, ಮ್ಯಾಫ್ ಕಡೆ ತಿರುಗಿ.

ಸಂಖ್ಯೆ ಹಾಕಿ, ಆಮೇಲೆ ಮಾತಾಡೋಣ.

ಹಳೇಸಿಕ್ಸ್ ಬರೆದದ್ದು:

ಎಸೆದಿಲ್ಲ, ಡಬ್ಬಿಯಲ್ಲೇ ಇದೆ.

ಬಿಸಿ ಐಡ್ಲಿಂಗ್: ಬ್ಯಾಂಕ್ ಒಂದು +21, ಬ್ಯಾಂಕ್ ಎರಡು +20. 2500ರಲ್ಲಿ: +6, +5. ಮೂರು ಸಲ ನೋಡಿದೆ, ಹೆಚ್ಚು ಕಡಿಮೆ ಅದೇ. ಪಂಪಿನ ಒತ್ತಡವನ್ನೂ ಗೇಜ್ ಹಾಕಿ ನೋಡಿಬಿಟ್ಟೆ. ಮ್ಯಾನ್ಯುಯಲ್‌ನಲ್ಲಿ 3.5 ಬಾರ್ ಅಂತಿದೆ, ಮುಳ್ಳು ಅಲ್ಲೇ ನಿಂತಿದೆ.

ಅಂದರೆ ಗಾಳಿ ಸೋರಿಕೆ. ಆದರೆ ಎಲ್ಲಿ ಅಂತ ಹುಡುಕೋದು? ಬಾನೆಟ್ ತೆಗೆದು ಟಾರ್ಚ್ ಹಿಡಿದು ಒಂದು ಗಂಟೆ ನೋಡಿದೆ. ಎಲ್ಲಾ ಪೈಪೂ ಸರಿಯಾಗೇ ಕಾಣುತ್ತದೆ. ಇಂಜಿನ್ ಓಡುವಾಗ ಕಾರ್ಬ್ ಕ್ಲೀನರ್ ಹೊಡೆದು ನೋಡು ಅಂತ ಒಬ್ಬ ಗೆಳೆಯ ಹೇಳಿದ.

ಗ್ರೀಸ್‌ಬೆರಳು ಬರೆದದ್ದು:

ದಯವಿಟ್ಟು ಬೇಡ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಹೊತ್ತಿಕೊಳ್ಳುವ ಸ್ಪ್ರೇ ಹೊಡೆಯುವುದು ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ.

ಹೊಗೆ ಬಿಟ್ಟು ನೋಡಿ. ಇಂಜಿನ್ ಆಫ್, ಪೂರ್ತಿ ತಣ್ಣಗಿರಬೇಕು. ಏರ್ ಫಿಲ್ಟರ್ ಕಡೆಯ ಬಾಯಿಯನ್ನು ರಬ್ಬರ್ ಗ್ಲೌಸ್ ಹಾಕಿ ಬಿಗಿಯಾಗಿ ಮುಚ್ಚಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಮ್ಯಾನಿಫೋಲ್ಡ್ ಬಳಿ ಕಳಚಿ, ಆ ತೂತಿನಿಂದ ಹೊಗೆ ಬಿಡಿ. ಒತ್ತಡ ಒಂದು ಪಿಎಸ್‌ಐ ಒಳಗೇ ಇರಲಿ. ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ನೇರವಾಗಿ ಕೊಟ್ಟರೆ ಚೆನ್ನಾಗಿರುವ ಸೀಲೂ ಹಾರಿಹೋಗುತ್ತದೆ.

ಮೊದಲು ಎರಡು ಜಾಗ ನೋಡಿ. ಒಂದು, ಮ್ಯಾಫ್‌ನಿಂದ ಥ್ರಾಟಲ್‌ಗೆ ಹೋಗುವ ಮಡಿಕೆ ಮಡಿಕೆಯ ರಬ್ಬರ್ ಬೂಟ್. ಮೇಲಿನಿಂದ ಹೊಸದರ ಹಾಗೇ ಕಾಣುತ್ತದೆ, ಬಿರುಕು ಸಾಮಾನ್ಯವಾಗಿ ತಳದಲ್ಲಿ, ಮಡಿಕೆಯ ಒಳಗೆ. ಎರಡು, ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಹೊಟ್ಟೆ) ಗಾಳಿ ವಾಪಸ್ ಬರುವ ವಾಲ್ವ್ ಮತ್ತು ಅದರ ಪ್ಲಾಸ್ಟಿಕ್ ಪೈಪುಗಳು. ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯಿರಿ. ಇಂತಹ ಇಂಜಿನ್ನಿನಲ್ಲಿ ಎಲ್ಲಾ ಸರಿ ಇದ್ದರೆ ಆಗ ಐಡ್ಲಿಂಗ್ ಕೆಡಬೇಕು. ಕ್ಯಾಪ್ ಎಳೆದರೂ ಬಾರದಷ್ಟು ಒಳಗೆ ಹೀರಿಕೊಂಡಿದ್ದರೆ, ಸಿಳ್ಳೆ ಕೇಳಿದರೆ, ವಾಲ್ವಿನ ಡಯಾಫ್ರಾಮ್ ಹರಿದಿದೆ ಅಂತ.

ತಣ್ಣಗಿದ್ದಾಗ ಯಾಕೆ ಜೋರು ಅಂದರೆ, ಹಳೇ ರಬ್ಬರ್ ಚಳಿಗೆ ಗಟ್ಟಿಯಾಗಿ ಬಿರುಕು ಬಾಯಿ ಬಿಡುತ್ತದೆ. ಜೊತೆಗೆ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಮುಟ್ಟುವವರೆಗೆ ಮಾತೇ ಆಡುವುದಿಲ್ಲ. ಅಲ್ಲಿವರೆಗೆ ಕಂಪ್ಯೂಟರ್‌ಗೆ ತಪ್ಪು ತಿದ್ದಿಕೊಳ್ಳಲು ದಾರಿಯಿಲ್ಲ.

ಮಂಜುಗಣ್ಣು99 ಬರೆದದ್ದು:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಬಿಎಂಡಬ್ಲ್ಯು 1999ರದು. ನನಗೂ ಟ್ರಿಮ್ ನೋಡಬೇಕು. ಆದರೆ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ ಸಾಕೆಟ್ಟೇ ಕಾಣುತ್ತಿಲ್ಲ.

ಗ್ರೀಸ್‌ಬೆರಳು ಬರೆದದ್ದು:

ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ 16 ಪಿನ್ ಓಬಿಡಿ2 (ಎಲ್ಲಾ ಕಂಪನಿಗೂ ಒಂದೇ ಥರದ ಸ್ಕ್ಯಾನರ್ ಸಾಕೆಟ್) ಕಡ್ಡಾಯ. ಯುರೋಪಿನಲ್ಲಿ ಪೆಟ್ರೋಲ್ ಕಾರಿಗೆ ಎಲ್ಲದಕ್ಕೂ ಕಡ್ಡಾಯವಾದದ್ದು 2001ರಲ್ಲಿ. ನಿಮ್ಮದರಲ್ಲಿ ಬಾನೆಟ್ ಕೆಳಗೆ ತಿರುಪಿನ ಮುಚ್ಚಳ ಇರುವ ದುಂಡನೆಯ 20 ಪಿನ್ ಸಾಕೆಟ್ ಇರಬೇಕು. ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಅದರ ಭಾಷೆ ಓದುವ ಸಾಫ್ಟ್‌ವೇರೂ ಬೇಕು. ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿ ಬರೆಯುತ್ತೇನೆ.

ಹಳೇಸಿಕ್ಸ್ ಬರೆದದ್ದು:

ಸಿಕ್ಕಿತು! ಕಥೆ ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಮೊದಲು ಆಯಿಲ್ ಕ್ಯಾಪ್ ತೆಗೆದೆ. ಸುಲಭವಾಗಿ ಬಂತು, ಐಡ್ಲಿಂಗ್ ಕೆಟ್ಟಿತು, ಸಿಳ್ಳೆ ಇಲ್ಲ. ಸರಿ, ಆ ವಾಲ್ವ್ ಬದುಕಿದೆ ಅಂತ ಮುಂದೆ ಹೋದೆ.

ಹೊಗೆ ಯಂತ್ರ ನಾನೇ ಮಾಡಿಕೊಂಡೆ. ಮುಚ್ಚಳ ಬಿಗಿಯಾಗುವ ತಗಡಿನ ಡಬ್ಬಿ, ಒಳಗೆ ಸ್ವಲ್ಪ ಮಿನರಲ್ ಆಯಿಲ್, ಅದರಲ್ಲಿ ಅದ್ದಿದ ಬತ್ತಿಗೆ ತಾಗುವಂತೆ ಡೀಸೆಲ್ ಇಂಜಿನ್ನಿನ ಹಳೇ ಗ್ಲೋ ಪ್ಲಗ್, ಅದಕ್ಕೆ 12 ವೋಲ್ಟ್ ಬ್ಯಾಟರಿ. ಗಾಳಿಗೆ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪ್. ಕಾರನ್ನು ಬಯಲಿಗೆ ನಿಲ್ಲಿಸಿಕೊಂಡೇ ಮಾಡಿದ್ದು. ಎರಡು ನಿಮಿಷದಲ್ಲಿ ಡಬ್ಬಿಯಿಂದ ಬಿಳಿ ಹೊಗೆ ಚೆನ್ನಾಗಿ ಬಂತು. ಕೆಟ್ಟ ವಾಸನೆ, ಶರ್ಟ್ ಇನ್ನೂ ನಾರುತ್ತಿದೆ.

ಐದು ನಿಮಿಷ ಕಾದರೂ ಏನೂ ಇಲ್ಲ. ಬೂಟ್ ಹತ್ತಿರ ಟಾರ್ಚ್ ಓರೆಯಾಗಿ ಹಿಡಿದಾಗ ನೂಲಿನ ಎಳೆಯಂತೆ ಒಂದಿಷ್ಟು ಹೊಗೆ, ಅಷ್ಟೇ. ಇಷ್ಟಕ್ಕೆ +21 ಬರುತ್ತದಾ ಅಂತ ಬೇಜಾರಾಗಿ, ಎದ್ದೇಳೋಣ ಅಂತ ಇಂಜಿನ್ ಕವರ್ ಮೇಲೆ ಅಂಗೈ ಊರಿದೆ. ಇಂಜಿನ್ ಒಂದು ಪಕ್ಕಕ್ಕೆ ಜೋಲಿ ಹೊಡೆಯಿತು. ಅದೇ ಕ್ಷಣ ಬೂಟಿನ ಕೆಳಗಿಂದ ಭುಸ್ಸಂತ ಹೊಗೆ! ಕೈ ತೆಗೆದರೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಭುಸ್ಸ್. ಒಂದು ಹತ್ತು ಸಲ ಒತ್ತಿ ನೋಡಿರಬೇಕು, ಸುಮ್ನೆ ಖುಷಿಗೆ.

ಬೂಟ್ ಬಿಚ್ಚುವಾಗ ಪಕ್ಕದ ಸಣ್ಣ ವ್ಯಾಕ್ಯೂಮ್ ಪೈಪಿಗೆ ಬೆರಳು ತಾಗಿತು. ಒಣ ತರಗೆಲೆಯ ಹಾಗೆ ಪುಡಿಯಾಯ್ತು. ಇಂಥ ಕೆಲಸ ಮಾಡುವವರು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮೆತ್ತಗಾದ ಮೇಲೆ ಎಳೆಯಿರಿ. ಬೂಟನ್ನು ಕೈಯಲ್ಲಿ ಹಿಡಿದು ನೋಡಿದರೆ ಏನೂ ಇಲ್ಲ. ಹಿಂದಕ್ಕೆ ಬಗ್ಗಿಸಿದಾಗ ತಳದ ಎರಡನೇ ಮಡಿಕೆ ಬಾಯಿ ತೆರೆಯಿತು, ನನ್ನ ಹೆಬ್ಬೆರಳಿನಷ್ಟು ಉದ್ದ. ಅಂಚು ನುಣ್ಣಗೆ ಸವೆದಿದೆ, ಹೊಸ ಬಿರುಕಲ್ಲ.

ಆದರೆ ಇಂಜಿನ್ ಯಾಕೆ ಅಷ್ಟು ಅಲ್ಲಾಡಬೇಕು? ಕಾರಿನ ಕೆಳಗೆ ನುಗ್ಗಿ ನೋಡಿದೆ. ಒಂದು ಬದಿಯ ಇಂಜಿನ್ ಮೌಂಟ್ (ಇಂಜಿನ್ ಕೂರುವ ರಬ್ಬರ್ ದಿಂಬು) ಒಳಗಿನ ದ್ರವ ಸೋರಿ, ಸುತ್ತ ಕಪ್ಪು ಕೊಳೆ ಮೆತ್ತಿಕೊಂಡಿದೆ. ಗೆಳೆಯನಿಗೆ ನ್ಯೂಟ್ರಲ್‌ನಲ್ಲಿ ರೇಸ್ ಮಾಡಲು ಹೇಳಿ ಪಕ್ಕದಲ್ಲಿ ನಿಂತು ನೋಡಿದೆ. ಪ್ರತಿ ಸಲ ಇಂಜಿನ್ ಹೊರಳಿ ಬೂಟನ್ನು ಹಿಂಡುತ್ತದೆ. ಎರಡನೇ ಗೇರಿನಲ್ಲಿ ತಡವರಿಸುತ್ತಿದ್ದದ್ದು ಇದಕ್ಕೇ. ಕಾಲು ಒತ್ತಿದಾಗ ಇಂಜಿನ್ ಹೊರಳುತ್ತದೆ, ಬಿರುಕು ಬಾಯಿ ಬಿಡುತ್ತದೆ. ಮೌಂಟ್ ಬಿಟ್ಟು ಹೊಸ ಬೂಟ್ ಮಾತ್ರ ಹಾಕಿದ್ದರೆ ಅದೂ ಹೀಗೇ ಹರಿಯುತ್ತಿತ್ತು.

ಹೊಸ ಬೂಟ್, ಹೊಸ ವ್ಯಾಕ್ಯೂಮ್ ಪೈಪ್ ಹಾಕಿ, ಕೋಡ್ ಅಳಿಸಿ ಎರಡು ದಿನ ಓಡಿಸಿದೆ. ಐಡ್ಲಿಂಗ್ ಟ್ರಿಮ್ ಈಗ +3, +2. ಮ್ಯಾಫ್ 3.5 ಗ್ರಾಂ. ಹಳೇ ಮ್ಯಾಫ್ ವಾಪಸ್ ಹಾಕಿ ನೋಡಿದೆ, ಅದೂ 3.5. ಗ್ರೀಸ್‌ಬೆರಳು ಅವರು ಹೇಳಿದ್ದೇ ಸರಿ, ಪಾಪದ್ದಕ್ಕೆ ಏನೂ ಆಗಿರಲಿಲ್ಲ. ಈಗ ಅದೇ ಕಾರಿನಲ್ಲಿದೆ, ಹೊಸದು ಡಬ್ಬಿಯಲ್ಲಿದೆ.

ಮೌಂಟ್ ಮುಂದಿನ ವಾರ. ಒಂದು ಪ್ರಶ್ನೆ: ಇಂಜಿನ್ ಎತ್ತಲು ಜಾಕ್ ಎಲ್ಲಿ ಕೊಡಬೇಕು? ಆಯಿಲ್ ಪ್ಯಾನ್ ಅಲ್ಯೂಮಿನಿಯಂ, ಭಯ ಆಗುತ್ತದೆ.

ಗ್ರೀಸ್‌ಬೆರಳು ಬರೆದದ್ದು:

ಅಂಗೈ ಊರಿದ್ದು ಭಲೇ ಅದೃಷ್ಟ!

ಮೇಲಿನಿಂದ ಅಡ್ಡಪಟ್ಟಿ ಇಟ್ಟು ಇಂಜಿನ್ನಿನ ಎತ್ತುವ ಕೊಂಡಿಗೆ ತೂಗು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಇಲ್ಲದಿದ್ದರೆ, ಪ್ಯಾನಿನ ಅಗಲಕ್ಕೂ ಬರುವಂಥ ದಪ್ಪ ಮರದ ಹಲಗೆ ಇಟ್ಟು, ಮೌಂಟಿನ ಭಾರ ಕಳೆಯುವಷ್ಟು ಮಾತ್ರ ನಿಧಾನವಾಗಿ ಎತ್ತಿ. ಜಾಕಿನ ತಲೆ ಬರೀ ಪ್ಯಾನಿಗೆ ತಾಗಬಾರದು. ಕಾರು ಸ್ಟ್ಯಾಂಡ್ ಮೇಲೆ ಇರಲಿ, ಜಾಕ್ ನಂಬಿ ಕೆಳಗೆ ಹೋಗಬೇಡಿ. ಎತ್ತುವಾಗ ಫ್ಯಾನ್ ರೇಡಿಯೇಟರ್‌ಗೆ ತಾಗುತ್ತದಾ, ಪೈಪ್ ಯಾವುದಾದರೂ ಬಿಗಿಯುತ್ತದಾ ಅಂತ ಒಬ್ಬರು ಮೇಲಿನಿಂದ ನೋಡುತ್ತಿರಲಿ. ಎರಡೂ ಬದಿಯ ಮೌಂಟ್ ಒಟ್ಟಿಗೆ ಬದಲಿಸಿ, ಇನ್ನೊಂದರ ವಯಸ್ಸೂ ಅಷ್ಟೇ.

ಟರ್ಬೋತಮ್ಮ ಬರೆದದ್ದು:

ಸರಿ, ಸೆನ್ಸರ್ ವಿಷಯದಲ್ಲಿ ಸೋತೆ. ಆದರೆ ಕೂಲೆಂಟ್ ಟ್ಯಾಂಕ್ ಬದಲಿಸಿ ಗುರು, ನಿಜವಾಗ್ಲೂ.

ಹಳೇಸಿಕ್ಸ್ ಬರೆದದ್ದು:

ನಿನ್ನೆ ಅದನ್ನೂ ನೋಡಿದೆ. ಟ್ಯಾಂಕಿನ ಜೋಡಣೆಯ ಗೆರೆ ಉದ್ದಕ್ಕೂ ಕೂಲೆಂಟ್ ಒಣಗಿದ ಬಿಳಿ ಕಲೆ ಇದೆ. ಟರ್ಬೋತಮ್ಮ, ನೀವೂ ಗೆದ್ದಿರಿ. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ, ಬೋಲ್ಟ್ ಬಿಚ್ಚುವ 10 ಎಂಎಂ ಸಾಕೆಟ್ ಸಿಕ್ಕ ಮೇಲೆ. ಬೂಟ್ ಹಾಕುವಾಗ ಎಲ್ಲೋ ಒಳಗೆ ಬಿತ್ತು, ನೆಲಕ್ಕಂತೂ ಬಂದಿಲ್ಲ.