ಸಹಾಯ ಬೇಕು: ಜಿಪಿಎಸ್ ಸ್ಪೂಫಿಂಗ್ ವರದಿ ನಮೂನೆ

ವಿಮಾನಯಾನ ಸುರಕ್ಷತೆಯ ನೀತಿ ಕರಡಿಗೆ ಪೈಲಟ್, ಎಟಿಸಿಯವರ (ವಿಮಾನ ಸಂಚಾರ ನಿಯಂತ್ರಕರ) ಸಲಹೆ ಬೇಕು. ಜಾಮಿಂಗ್ (ಸಿಗ್ನಲ್ ಅಡಗಿಸುವುದು) ಆದರೆ ಜಿಪಿಎಸ್ ಸಿಗ್ನಲ್ ಹೋಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಸ್ಪೂಫಿಂಗ್, ಅಂದರೆ ನಕಲಿ ಸಿಗ್ನಲ್ ಕಳಿಸುವುದು, ಕಳ್ಳ ಕೆಲಸ: ಸ್ಥಾನವೂ ಸುಳ್ಳು, ಗಡಿಯಾರವೂ ಸುಳ್ಳು. ಮೂವತ್ತು ಸಾವಿರ ಅಡಿ ಮೇಲಿದ್ದರೂ ನೆಲ ಹತ್ತಿರವಾಯಿತೆಂದು ಎಚ್ಚರಿಸುವ ಸಾಧನ ‘ಪುಲ್ ಅಪ್’ (ಮೇಲೇರಿ) ಎಂದು ಕೂಗಬಹುದು.

ಫಿನ್‌ಏರ್ ಎಂಬ ಫಿನ್ಲೆಂಡಿನ ವಿಮಾನ ಸಂಸ್ಥೆ ಜಿಪಿಎಸ್ ಅಡಚಣೆಯಿಂದಾಗಿ 2024ರ ಏಪ್ರಿಲ್ ಕೊನೆಯಲ್ಲಿ ಎಸ್ಟೋನಿಯಾದ ಟಾರ್ಟುಗೆ ಹಾರಾಟವನ್ನೇ ಒಂದು ತಿಂಗಳು ನಿಲ್ಲಿಸಿತು; ಅಲ್ಲಿ ಇಳಿಯುವ ವಿಧಾನ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿತ್ತು. ಹಾಗಾಗಿ ಹಳೆಯದೆಂದು ವಿಒಆರ್, ಡಿಎಂಇ (ನೆಲದಿಂದ ದಿಕ್ಕು, ದೂರ ತಿಳಿಸುವ ರೇಡಿಯೊ ಸಾಧನಗಳು) ಕೀಳಬಾರದು ಅನ್ನುವುದು ಕರಡಿನ ಮೊದಲ ಷರತ್ತು.

ನಮೂನೆಯಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ, ಸ್ಥಾನ, ಫ್ಲೈಟ್ ಲೆವೆಲ್ (ಹಾರಾಟದ ಎತ್ತರ), ಎಷ್ಟು ನಿಮಿಷ ಎಂಬ ಅಂಕಣಗಳಿವೆ. ತೊಡಕು ಇಲ್ಲೇ: ಬರೆಯುವ ಸ್ಥಾನ, ಸಮಯಗಳೇ ಸ್ಪೂಫ್ ಆಗಿರಬಹುದಲ್ಲ! ‘ಸ್ಥಾನ ತಿಳಿದದ್ದು ವಿಮಾನದ ಚಲನೆಯಿಂದಲೇ ಲೆಕ್ಕ ಹಾಕುವ ಐಆರ್‌ಎಸ್‌ನಿಂದಲೋ, ಡಿಎಂಇಯಿಂದಲೋ, ರೇಡಾರಿನಿಂದಲೋ’ ಎಂಬ ಅಂಕಣ ಸೇರಿಸಿದರೆ ಕಾಕ್‌ಪಿಟ್‌ನಲ್ಲಿ ತುಂಬಲು ಪುರುಸೊತ್ತು ಇರುತ್ತದೆಯೇ? ಇಳಿದ ಮೇಲೆ ತುಂಬುವುದೇ ವಾಸಿಯೇ?