ಮೂರು ಸಾವಿರ ರೂಪಾಯಿ, ಪಣಜಿಯಲ್ಲಿ ಒಂದು ರಾತ್ರಿ: ಸಣ್ಣ ಪಣದಲ್ಲಿ ಹೆಚ್ಚು ಹೊತ್ತು ಆಡುವುದು ಹೇಗೆ?

ಕೋಡಿಬಾಗದವನು, ಕಾರವಾರ

ನಮಸ್ಕಾರ. ಬರುವ ಶನಿವಾರ ಇಬ್ಬರು ಭಾವಂದಿರು ಮತ್ತು ಹಿರಿಯ ಭಾವನ ಮಗನ ಜೊತೆ ಪಣಜಿಯ ಕ್ಯಾಸಿನೊ ಹಡಗಿಗೆ ಹೋಗುವುದೆಂದು ನಿಶ್ಚಯವಾಗಿದೆ. ಹುಡುಗನಿಗೆ ಈಗಷ್ಟೇ ಇಪ್ಪತ್ತು ತುಂಬಿದೆ, ಅವನದೇ ಹೆಚ್ಚು ಉತ್ಸಾಹ. ನಾನಂತೂ ಮಾಂಡೋವಿಯ ದಡದಲ್ಲಿ ನಿಂತು ಆ ದೀಪಗಳನ್ನು ಎಷ್ಟೋ ಸಲ ನೋಡಿದ್ದೇನೆ, ಒಳಗೆ ಕಾಲಿಟ್ಟಿಲ್ಲ. ಟಿಕೆಟ್ ಬಿಟ್ಟು ಆಟಕ್ಕೆಂದೇ ಮೂರು ಸಾವಿರ ತೆಗೆದಿಟ್ಟಿದ್ದೇನೆ. ಗೆದ್ದು ತರಬೇಕೆಂಬ ಆಸೆಯಿಲ್ಲ. ಆದರೆ ಹೋದ ವರ್ಷ ಹಿರಿಯ ಭಾವ ನಾಲ್ಕು ಸಾವಿರವನ್ನು ಇಪ್ಪತ್ತೇ ನಿಮಿಷದಲ್ಲಿ ಕಳೆದುಕೊಂಡು, ಉಳಿದ ರಾತ್ರಿಯೆಲ್ಲ ಊಟದ ಮೇಜಿನಲ್ಲಿ ಒಬ್ಬರೇ ಕುಳಿತಿದ್ದರಂತೆ. ನನಗೆ ಹಾಗಾಗಬಾರದು. ಯಾವ ಆಟದ ಮುಂದೆ, ಎಷ್ಟೆಷ್ಟು ಇಟ್ಟು ಆಡಲಿ?

ಅಂಕೋಲಾದ ಅಕ್ಕ

ಏಳು ವರ್ಷ ನಾನು ಅಂಥದೇ ಒಂದು ಹಡಗಿನಲ್ಲಿ ರೂಲೆಟ್ ಮೇಜಿನಲ್ಲಿ ಚೆಂಡು ಬಿಡುವ ಕೆಲಸದಲ್ಲಿದ್ದೆ. ಈಗ ಊರಿನಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು, ಏಕೆಂದರೆ "ಗೆಲ್ಲುವುದು ಹೇಗೆ" ಎಂದು ಕೇಳಿದವರನ್ನು ಸಾವಿರ ಕಂಡಿದ್ದೇನೆ, "ಹೆಚ್ಚು ಹೊತ್ತು ಕುಳಿತುಕೊಳ್ಳುವುದು ಹೇಗೆ" ಎಂದು ಕೇಳಿದವರು ಬೆರಳೆಣಿಕೆಯಷ್ಟು.

ಎಷ್ಟು ಇಡುತ್ತೀರಿ ಎನ್ನುವುದಕ್ಕಿಂತ, ಗಂಟೆಗೆ ಎಷ್ಟು ಸಲ ಇಡುತ್ತೀರಿ ಎನ್ನುವುದನ್ನು ಮೊದಲು ನೋಡಿಕೊಳ್ಳಿ. ರೂಲೆಟ್ ಚಕ್ರದಲ್ಲಿ ಒಂದೇ ಸೊನ್ನೆ ಇದ್ದರೆ ಒಟ್ಟು 37 ಮನೆಗಳು. ಕೆಂಪು 18, ಕಪ್ಪು 18, ಉಳಿದ ಒಂದು ಸೊನ್ನೆ. ಆ ಒಂದು ಮನೆಯಿಂದಲೇ ಹಡಗಿಗೆ ಶೇ 2.7 ಸಿಗುತ್ತದೆ. ಜನ ತುಂಬಿದ ಮೇಜಿನಲ್ಲಿ ಗಂಟೆಗೆ ಸುಮಾರು ನಲವತ್ತು ಸಲ ಚೆಂಡು ಬೀಳುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಸಲ ನೂರು ರೂಪಾಯಿಯಂತೆ ಕೆಂಪಿಗೆ ಇಟ್ಟರೆ ಗಂಟೆಗೆ ಸರಾಸರಿ ಹೋಗುವುದು 108 ರೂಪಾಯಿ. ಎರಡು ಸೊನ್ನೆಯ ಚಕ್ರವಾದರೆ ಅದೇ ಗಂಟೆಗೆ 210. ಕುಳಿತುಕೊಳ್ಳುವ ಮೊದಲು ಚಕ್ರದ ಹಸಿರು ಮನೆಗಳನ್ನು, ಎಂದರೆ ಸೊನ್ನೆಗಳನ್ನು, ಎಣಿಸಿ. ಖಾಲಿ ಮೇಜಿಗೆ ಹೋಗಬೇಡಿ, ಅಲ್ಲಿ ಚೆಂಡು ಇನ್ನೂ ಬೇಗ ಬೇಗ ತಿರುಗುತ್ತದೆ. ಗುಂಡಿ ಒತ್ತುವ ಯಂತ್ರಗಳು ಅದಕ್ಕಿಂತ ವೇಗ: ಗಂಟೆಗೆ ನಾನೂರು, ಐನೂರು ಸಲ ಒತ್ತಿದವರನ್ನು ನೋಡಿದ್ದೇನೆ. ನಿಮ್ಮ ಭಾವನ ಇಪ್ಪತ್ತು ನಿಮಿಷ ಅಲ್ಲೇ ಕಳೆದಿರಬೇಕು.

ನಮ್ಮ ಕಡೆಯ ಒಬ್ಬ ಹಿರಿಯರು ಮಳೆಗಾಲ ಕಳೆದ ಮೇಲೆ ತಪ್ಪದೆ ಒಂದು ರಾತ್ರಿ ಬರುತ್ತಿದ್ದರು. ಮೂರು ಸುತ್ತಿಗೆ ಒಂದು ಸಲ ಮಾತ್ರ ಇಡುವುದು ಅವರ ಪದ್ಧತಿ. ಉಳಿದ ಎರಡು ಸುತ್ತು, ಹಣದ ಬದಲು ಮೇಜಿನ ಮೇಲೆ ಇಡುವ ಬಿಲ್ಲೆಯನ್ನು, ಅಂದರೆ ಚಿಪ್ಪನ್ನು, ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಚೆಂಡನ್ನೇ ನೋಡುವರು. ಚೆಂಡು ಅಂಚಿನಲ್ಲಿ ಸರ್ರೆಂದು ಓಡುತ್ತದೆ, ನಿಧಾನವಾಗುತ್ತದೆ, ಲೋಹದ ತುಣುಕಿಗೆ ತಾಗಿ ಟಕ್ಕೆಂದು ನೆಗೆಯುತ್ತದೆ, ಒಂದು ಮನೆಗೆ ಇಳಿದಂತೆ ಮಾಡಿ ಪಕ್ಕದ ಮನೆಗೆ ಹಾರುತ್ತದೆ. ಮೇಜಿನ ಸುತ್ತ ಹತ್ತು ಜನ ಉಸಿರು ಬಿಗಿಹಿಡಿಯುತ್ತಾರೆ. ಪಣ ಇಟ್ಟವರಿಗೂ ಇಡದವರಿಗೂ ಆ ಕ್ಷಣ ಒಂದೇ. ಅದನ್ನು ಪೂರ್ತಿಯಾಗಿ ಸವಿದವರು ಅವರೊಬ್ಬರೇ ಎಂದು ಈಗಲೂ ನನಗೆ ಅನ್ನಿಸುತ್ತದೆ. ಬೆಳಗಿನ ಜಾವದವರೆಗೆ ಇರುತ್ತಿದ್ದರು.

ಸೋತಾಗಲೆಲ್ಲ ದುಪ್ಪಟ್ಟು ಇಡಿ ಎಂದು ಯಾರಾದರೂ ಕಿವಿಯಲ್ಲಿ ಹೇಳಿಯೇ ಹೇಳುತ್ತಾರೆ. 100, 200, 400, 800, 1,600: ಐದೇ ಸೋಲಿಗೆ 3,100. ನಿಮ್ಮ ಕಿಸೆಯಲ್ಲಿ ಅಷ್ಟಿಲ್ಲ. ಸತತ ಐದು ಸೋಲು ಬರುವ ಸಾಧ್ಯತೆ ಇಪ್ಪತ್ತೆಂಟರಲ್ಲಿ ಒಂದು, ಒಂದೇ ರಾತ್ರಿಯಲ್ಲಿ ಅದು ಬಂದದ್ದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಬಕಾರಾ ಎಂಬ ಎಲೆಯಾಟದ ಮೇಜಿನಲ್ಲಿ, ಎರಡೂ ಕಡೆ ಸಮವಾಗುತ್ತದೆ ಎಂದು ಪಣ ಇಡುವ 'ಟೈ' ಎಂಬ ಮನೆಗೆ ಒಂದಕ್ಕೆ ಎಂಟು ಕೊಡುತ್ತಾರೆ. ಅದರ ಹತ್ತಿರ ಹೋಗಬೇಡಿ, ಅಲ್ಲಿ ಶೇ 14ಕ್ಕಿಂತ ಹೆಚ್ಚು ಹೋಗುತ್ತದೆ. ಅದೇ ಮೇಜಿನ 'ಬ್ಯಾಂಕರ್' ಮನೆಯಲ್ಲಿ ಹೋಗುವುದು ಶೇ 1.06 ಮಾತ್ರ.

ಟಿಕೆಟ್ಟಿನ ಜೊತೆ ಒಮ್ಮೆ ಮಾತ್ರ ಆಡುವ ಚಿಪ್ ಸಿಗಬಹುದು. ಗೆದ್ದರೂ ಸೋತರೂ ಅದನ್ನು ಡೀಲರ್ ಎತ್ತಿಕೊಳ್ಳುವ ಪದ್ಧತಿಯಿದ್ದರೆ ಕೆಂಪು–ಕಪ್ಪಿಗೆ ಇಡಬೇಡಿ, ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಒಂದೇ ಅಂಕಿಗೆ ಇಡಿ: ಬಂದರೆ ಒಂದಕ್ಕೆ ಮೂವತ್ತೈದು, ಬಾರದಿದ್ದರೆ ಕೈಯಿಂದ ಹಣ ಹೋಗಲಿಲ್ಲ. ಇನ್ನು, ಮೇಜಿನ ಫಲಕದಲ್ಲಿ ಕನಿಷ್ಠ ಪಣ ಐನೂರು ಎಂದಿದ್ದರೆ ನಿಮ್ಮ ಮೂರು ಸಾವಿರ ಎಂದರೆ ಆರೇ ಚಿಪ್. ಅಲ್ಲಿ ಕುಳಿತುಕೊಳ್ಳಬೇಡಿ. ಚಿಪ್ ಕೊಳ್ಳುವಾಗಲೂ ಕೌಂಟರಿನಲ್ಲಿ ಕೇಳಿಕೊಳ್ಳಿ, ಕೊಟ್ಟ ಹಣಕ್ಕೆ ಕೈಗೆ ಬರುವ ಚಿಪ್ ಎಷ್ಟು ಎಂದು. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗಳಿಗೆ ಜಿಎಸ್‌ಟಿ ಶೇ 40 ಆಗಿದೆ.

ಹುಲೇಕಲ್ ತೋಟದ ಮನೆ, ಶಿರಸಿ

ಅಕ್ಕನವರ ಮಾತಿಗೆ ಒಂದು ಸೇರಿಸುತ್ತೇನೆ. ಅಲ್ಲಿ ಅಂದರ್–ಬಾಹರ್ ಮೇಜೂ ಇರುತ್ತದೆ, ದೀಪಾವಳಿಯಲ್ಲಿ ಆಡಿದವರಿಗೆ ಹೊಸದಾಗಿ ಕಲಿಯುವುದೇನಿಲ್ಲ. ಮೊದಲ ಎಲೆ ಯಾವ ಬದಿಗೆ ಬೀಳುತ್ತದೋ ಆ ಬದಿ ಗೆಲ್ಲುವುದು ನೂರಕ್ಕೆ 51.5 ಸಲ. ಅದಕ್ಕೇ ಕ್ಯಾಸಿನೊದಲ್ಲಿ ಸಾಮಾನ್ಯವಾಗಿ ಆ ಬದಿಗೆ ನೂರಕ್ಕೆ ತೊಂಬತ್ತು ಮಾತ್ರ ಕೊಡುತ್ತಾರೆ. ಹಾಗಿದ್ದರೂ ಆ ಬದಿಯೇ ಒಳ್ಳೆಯದು: ಅಲ್ಲಿ ಶೇ 2.15 ಹೋದರೆ, ಸಮಸಮ ಕೊಡುವ ಇನ್ನೊಂದು ಬದಿಯಲ್ಲಿ ಶೇ 3 ಹೋಗುತ್ತದೆ.

ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ, ರಾತ್ರಿ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕಂಬಳಿ ಹಾಸಿ ಇದೇ ಆಟ ಆಡುತ್ತೇವೆ. ತಲೆಗೆ ಐವತ್ತು ಗೋಟಡಿಕೆ ಎಣಿಸಿ ಕೊಡುವುದು ನನ್ನ ಅಮ್ಮ. ಆಟ ಮುಗಿದೊಡನೆ ಎಲ್ಲವೂ ಚೀಲಕ್ಕೆ ವಾಪಸು. ಎಲೆ ಹಾಕುವ ಸರದಿ ಮನೆಯವರಲ್ಲೇ ತಿರುಗುವುದರಿಂದ ಶೇಕಡಾ ಲೆಕ್ಕ ಯಾರ ಪಾಲಿಗೂ ಇಲ್ಲ. ಎರಡು ಅಡಿಕೆಗಾಗಿ ಚಿಕ್ಕಪ್ಪ ಎದ್ದು ನಿಂತು ವಾದಿಸಿದ್ದನ್ನು ವರ್ಷಗಟ್ಟಲೆ ನೆನೆಯುತ್ತೇವೆ.

ಶರಾವತಿ ದಡದವ, ಹೊನ್ನಾವರ

ಸಣ್ಣ ಪಣ ಎಂಬ ಮಾತಿಗೆ ನಾನು ಹೆದರುತ್ತೇನೆ. ಹದಿನೇಳನೆಯ ವಯಸ್ಸಿನಲ್ಲಿ ಯಕ್ಷಗಾನದ ಬಯಲಿನ ಅಂಚಿನಲ್ಲಿ, ಗ್ಯಾಸ್ ಲೈಟಿನ ಕೆಳಗೆ, ಗುಡುಗುಡಿ ಮಂಡಲದ ಮುಂದೆ ಕುಳಿತು ಕಾಲೇಜಿನ ಶುಲ್ಕ ಕಳೆದವನು ನಾನು. ಆರು ಚಿತ್ರದ ಬಟ್ಟೆ, ಡಬ್ಬಿಯಲ್ಲಿ ಮೂರು ದಾಳ. ಆರರಲ್ಲಿ ಮೂರು ಎಂದರೆ ಅರ್ಧಕ್ಕರ್ಧ ನನ್ನದೇ ಎಂದು ನಂಬಿದ್ದೆ. ದಾಳಗಳು ಬೀಳುವ ರೀತಿ ಒಟ್ಟು 216. ಅದರಲ್ಲಿ 125ರಲ್ಲಿ ನಾವಿಟ್ಟ ಚಿತ್ರ ಒಂದರಲ್ಲೂ ಇರುವುದಿಲ್ಲ. ಎರಡು ದಾಳಕ್ಕೆ ಎರಡು ಪಟ್ಟು, ಮೂರಕ್ಕೆ ಮೂರು ಪಟ್ಟು ಕೊಟ್ಟರೂ ಮಂಡಲದವನಿಗೆ ಶೇ 7.87 ಉಳಿಯುತ್ತದೆ.

ಅಕ್ಕನವರ ಲೆಕ್ಕವನ್ನೇ ಇದಕ್ಕೆ ಹಾಕಿ ನೋಡಿದೆ. ಹತ್ತೇ ರೂಪಾಯಿ ಪಣ, ಅರ್ಧ ನಿಮಿಷಕ್ಕೊಮ್ಮೆ ಡಬ್ಬಿ ಕುಲುಕಿದರೆ ಗಂಟೆಗೆ 120 ಸಲ, ಹೋಗುವುದು 94 ರೂಪಾಯಿ. ನೂರು ರೂಪಾಯಿಯ ರೂಲೆಟ್ಟಿಗೆ 108. ಹತ್ತು ರೂಪಾಯಿ ತಾನೇ ಎಂದುಕೊಂಡು ರಾತ್ರಿಯಿಡೀ ಕುಳಿತಿದ್ದೆನಲ್ಲ, ಅದರ ಅರ್ಥ ಈಗ ತಿಳಿಯಿತು. ಪ್ರಸಂಗ ಯಾವುದಿತ್ತೆಂಬುದೂ ನೆನಪಿಲ್ಲ. ಹಾಗೆ ಕೂರುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಅಪರಾಧವೂ ಹೌದು.

ಕೋಡಿಬಾಗದವನು, ಕಾರವಾರ

ಎಲ್ಲರಿಗೂ ಕೃತಜ್ಞತೆಗಳು. ಸಾವಿರದ ಮೂರು ಲಕೋಟೆ ಮಾಡಿ, ಒಂಬತ್ತಕ್ಕೊಂದು, ಹನ್ನೊಂದಕ್ಕೊಂದು, ಒಂದಕ್ಕೊಂದು ತೆರೆಯುವುದೆಂದು ಬರೆದಿಟ್ಟಿದ್ದೇನೆ. ಮೂರು ಸುತ್ತಿಗೆ ಒಂದು ಪಣ. ಹಿರಿಯ ಭಾವನಿಗೂ ಇದನ್ನೆಲ್ಲ ಓದಿ ಹೇಳಿದೆ, ಅವರು ಯಂತ್ರದ ಮಾತು ಬಂದಾಗ ಸುಮ್ಮನೆ ತಲೆಯಾಡಿಸಿದರು.

ಅಂಕೋಲಾದ ಅಕ್ಕ

ಹುಡುಗನಿಗೆ ಇಪ್ಪತ್ತು ಎಂದಿರಲ್ಲ, ಅದನ್ನು ಈಗಲೇ ಅವನಿಗೆ ತಿಳಿಸಿ: 21 ತುಂಬದವರನ್ನು ಆಟದ ಮಹಡಿಗೆ ಬಿಡುವುದಿಲ್ಲ, ಬಾಗಿಲಲ್ಲೇ ಗುರುತಿನ ಚೀಟಿ ನೋಡುತ್ತಾರೆ. ಅಷ್ಟು ದೂರ ಕರೆದೊಯ್ದು ದಡದಲ್ಲಿ ನಿಲ್ಲಿಸಬೇಡಿ.